ಖಂಡೇನವಮಿಯ ಗಿಟಾರು

ಆಗಸ್ಟ್ ಮೂರು, ರವಿವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ ಈ ಗಿಟಾರಿನ ಕೆಲಸ ಶುರುವಾಯಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನಾನು ದಿನಚರಿ ಬರೆಯುವವಳು. ನಮ್ಮಂಥವರ ಬಗ್ಗೆ ಲೋಕಕ್ಕೆ ಒಂದು ತಪ್ಪು ಕಲ್ಪನೆ ಇದೆ: ದಿನ, ವೇಳೆ ಬರೆದಿಡುವವರ ಕೆಲಸ ಹೇಳಿದ ದಿನಕ್ಕೆ ಮುಗಿಯುತ್ತದೆ ಎಂದು. ಹಾಗೇನೂ ಇಲ್ಲ. ಬರೆದಿಡದವರ ಕೆಲಸವೂ ತಡವಾಗುತ್ತದೆ, ನಮ್ಮದೂ ತಡವಾಗುತ್ತದೆ. ಎಷ್ಟು ತಡವಾಯಿತು ಎಂಬುದು ನಮಗೆ ಗೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ. ಆ ತಿಳಿವಳಿಕೆಯಿಂದ ಹೊಟ್ಟೆ ಉರಿಯುತ್ತದೆಯೇ ಹೊರತು ಕೆಲಸವೇನೂ ಮುಂದಕ್ಕೆ ಸರಿಯುವುದಿಲ್ಲ. ಇದನ್ನೆಲ್ಲ ತಿಳಿದೂ ನಾನು ಆ ರವಿವಾರ ಇಚಲಕರಂಜಿಯ ನಮ್ಮ ಮನೆಯ ಮಹಡಿಯಲ್ಲಿ ಕುಳಿತು, ಎರಡು ತಿಂಗಳಲ್ಲಿ ಒಂದು ಹಳೇ ಮಾದರಿಯ ವಿದ್ಯುತ್ ಗಿಟಾರನ್ನು ಬಿಡಿಭಾಗಗಳಿಂದ ನಾನೇ ಜೋಡಿಸುವುದಾಗಿ ಪಟ್ಟಿ ಬರೆದೆ. ಪಟ್ಟಿ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಅಂಗಡಿಯಲ್ಲಿ ಗಿಟಾರು ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಅವ್ವನೂ ಕೇಳಿದಳು. ಸಿಗುತ್ತವೆ. ಆದರೆ ಈಗಿನವೆಲ್ಲ ಕರ್ರಗೆ, ಚೂಪಾಗಿ, ಹಾಯಲು ಬರುವ ಎಮ್ಮೆಯ ಹಾಗೆ ಕೊಂಬು ಚಾಚಿಕೊಂಡಿರುತ್ತವೆ. ಕೊಲ್ಹಾಪುರದಲ್ಲಿ ನಾವು ನಾಲ್ವರು ಸೇರಿ ಕಟ್ಟಿಕೊಂಡಿರುವ ಬ್ಯಾಂಡು ನುಡಿಸುವುದು ಅಜ್ಜ ಅಜ್ಜಿಯರ ಕಾಲದ ಧಾಟಿಗಳನ್ನು. ಅವುಗಳಿಗೆ ಹೆಗಲು ದುಂಡಗಿರುವ, ತಿಳಿಹಸಿರು ಬಣ್ಣದ, ಎಡಬಲ ಸಮವಿಲ್ಲದೆ ತುಸು ವಾರೆಯಾಗಿ ಒರಗಿದಂತೆ ಕಾಣುವ ಆ ಕಾಲದ ಗಿಟಾರೇ ಆಗಬೇಕು ಎಂದು ನನ್ನ ತಲೆಗೆ ಹೊಕ್ಕಿತ್ತು. ಅಲ್ಲಿಯವರೆಗೆ ನಾನು ನುಡಿಸುತ್ತಿದ್ದುದು ಗೆಳತಿಯೊಬ್ಬಳ ಗಿಟಾರು. ಅವಳಿಗೆ ಪುಣೆಯಲ್ಲಿ ನೌಕರಿಯಾಗಿ, ಗಿಟಾರೂ ಪುಣೆಗೆ ಹೋಯಿತು. ಬ್ಯಾಂಡಿನಲ್ಲಿ ಹಾಡುವವಳೂ ನಮ್ಮೆಲ್ಲರನ್ನು ಗದರುವವಳೂ ಆದ ಪ್ರಾಜಕ್ತಾ ಅವತ್ತೇ ಹೇಳಿಬಿಟ್ಟಳು: ದಸರಾ ದಿನ ಸಂಜೆ ಏಳಕ್ಕೆ ಅವಳ ಓಣಿಯ ಉತ್ಸವ ಮಂಡಳದಲ್ಲಿ ನಮ್ಮ ಕಾರ್ಯಕ್ರಮ, ಅಷ್ಟರೊಳಗೆ ನನ್ನ ಕೈಯಲ್ಲಿ ಸ್ವಂತ ಗಿಟಾರು ಇರಬೇಕು. "ನಾಹೀತರ್ ವಿಕೀಲಾ ಸಾಂಗತೇ ಬಘ್." ಇಲ್ಲದಿದ್ದರೆ ವಿಕೀಗೆ ಹೇಳುತ್ತೇನೆ ನೋಡು, ಎಂದರ್ಥ. ವಿಕೀ ಅವಳ ಸೋದರಮಾವನ ಮಗ. ಅವನ ಬಳಿ ಕೊಂಬಿನ ಗಿಟಾರು ಇದೆ, ಪುರುಸೊತ್ತೂ ಇದೆ. ಮೂರು ವರ್ಷದಿಂದ ವಾರಕ್ಕೆರಡು ಸಲ ಬಸ್ಸಿನಲ್ಲಿ ಜೋತಾಡಿಕೊಂಡು ತಾಲೀಮಿಗೆ ಹೋಗಿ ಉಳಿಸಿಕೊಂಡಿದ್ದ ನನ್ನ ಜಾಗ ಅವನ ಪಾಲಾಗುವುದನ್ನು ನೆನೆದೇ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಗಿಟಾರಿನ ಮೈ ಮಾಡಲು ನಾನು ಆರಿಸಿಕೊಂಡದ್ದು ಗಡಹಿಂಗ್ಲಜದ ನಮ್ಮ ಕಾಕಾನನ್ನು. ಕಾಕಾ ಬಾಗಿಲು, ಕಿಟಕಿ, ಮಂಚ ಮಾಡುವವ. ನಾನು ಪೂರ್ಣ ಅಳತೆಯ ನಕ್ಷೆಯನ್ನು ದೊಡ್ಡ ಕಾಗದದಲ್ಲಿ ಬರೆದು, ಹಗುರ ಕಟ್ಟಿಗೆ ಬೇಕೆಂದು ಒತ್ತಿ ಹೇಳಿ, ಕೊಟ್ಟು ಬಂದೆ. ಮುಂದಿನ ರವಿವಾರ ಹೋದಾಗ ಕಾಕಾ ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಮೈಯನ್ನು ಹೊರಗೆ ತಂದ. ತಂದ ಎನ್ನುವುದಕ್ಕಿಂತ ಹೊತ್ತುಕೊಂಡು ಬಂದ. ಅಪ್ಪಟ ಸಾಗವಾನಿ. ಕುತ್ತಿಗೆಗೆ ಹಾಕಿಕೊಂಡರೆ ಕೆರೆಗೆ ಹಾರಲು ಬೇರೆ ಕಲ್ಲು ಬೇಕಿರಲಿಲ್ಲ.

"ಕಾಕಾ, ಹಗೂರ ಕಟಗಿ ಅಂತ ಹೇಳಿದ್ನೆಲ್ಲ?"

"ಹಗೂರ ಕಟಗೀಲೆ ಪೆಟಗಿ ಮಾಡ್ತಾರ, ಟೊಮ್ಯಾಟೊ ತುಂಬಾಕ. ನನ್ನ ಅಣ್ಣನ ಮಗಳಿಗಿ ನಾ ಟೊಮ್ಯಾಟೊ ಪೆಟಗಿ ಮಾಡಿ ಕೊಡ್ಲ್ಯಾ?"

ಅದಕ್ಕಿಂತ ದೊಡ್ಡ ಆಘಾತ ಬಟ್ಟೆ ಬಿಚ್ಚಿದ ಮೇಲೆ ಕಾದಿತ್ತು. ನನ್ನ ವಾರೆ ಗಿಟಾರು ನೆಟ್ಟಗಾಗಿತ್ತು. ಎಡ ಹೆಗಲು, ಬಲ ಹೆಗಲು ತಕ್ಕಡಿಯಲ್ಲಿಟ್ಟ ಹಾಗೆ ಸಮ. "ನಿನ್ನ ಚಿತ್ರ ಸ್ವಲ್ಪ ಸೊಟ್ಟ ಬಂದಿತ್ತವ್ವಾ," ಎಂದ ಕಾಕಾ ಬಹಳ ಪ್ರೀತಿಯಿಂದ, "ಯಾರ್ಗೂ ಹೇಳಾಕ ಹೋಗಬ್ಯಾಡ. ನಾ ಸರಿ ಮಾಡೀನಿ."

ಅದು ಸೊಟ್ಟಗಿರುವುದೇ ಸರಿ ಎಂದು ತಿಳಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಕಾಕಾ ಅರ್ಧಕ್ಕೆ ನಿಲ್ಲಿಸಿ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕರೆದ. "ಇಲ್ಲೆ ಬಾರ ಸ್ವಲ್ಪ. ಮಂದಿ ಸೊಟ್ಟಾಗಿದ್ದನ್ನ ಸರಿ ಮಾಡಸ್ಕೊಳ್ಳಾಕ ಬರ್ತಾರ. ನಮ್ಮ ಹುಡಗಿ ಚಾರ್ಜ್ ಕೊಟ್ಟ ಬಸ್ಸಿನ್ಯಾಗ ಬಂದು ಸೊಟ್ಟ ಮಾಡಸ್ಕೊಳ್ಳಾಕತ್ತಾಳ." ಕಾಕು ಗಿಟಾರಿನ ಮೈಯನ್ನು ಹಿಂದೆ ಮುಂದೆ ನೋಡಿ, ಇದಕ್ಕೆ ಕಾಲು ಎಷ್ಟು ಬರುತ್ತವೆ ಎಂದು ಕೇಳಿದಳು. ಎರಡನೆಯ ಮೈ ತಯಾರಾಯಿತು. ಅದೂ ಸಾಗವಾನಿಯೇ, ಆದರೆ ಸೊಟ್ಟ. ಸೊಟ್ಟಗಿದೆಯಲ್ಲ ಎಂಬ ಖುಷಿಯಲ್ಲಿ ತೂಕದ ಮಾತೆತ್ತುವ ಧೈರ್ಯ ನನಗೆ ಬರಲಿಲ್ಲ. ಮೊದಲನೆಯ ನೆಟ್ಟನೆಯ ಮೈಗೆ ಈಗ ಕಾಲು ಬಂದಿವೆ. ಅದರ ಮೇಲೆ ಕಾಕುವಿನ ಮನೆಯ ಟೀವಿ ಇದೆ.

ಮುಂದೆ ಬಣ್ಣ. ಗಣಪತಿ ಹಬ್ಬ ಮುಗಿದಿತ್ತು, ಪಟ್ಟಿಯ ಪ್ರಕಾರ ಬಣ್ಣಕ್ಕೆ ಎರಡು ದಿನ. ನಮ್ಮ ಓಣಿಯ ಮೋಟರ್‌ಸೈಕಲ್ ಪೇಂಟರ್ ಒಂದು ಹಳೇ ಸ್ಕೂಟರಿನ ತಿಳಿಹಸಿರನ್ನು ಕಲಸಿ ತೋರಿಸಿದಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು. ಮನಸ್ಸಿನಲ್ಲಿದ್ದದ್ದು ಅದೇ ಬಣ್ಣ. ಹೊಡೆದು ಒಣಗಲು ಇಟ್ಟೆವು. ಈ ಊರಲ್ಲೇ ಹುಟ್ಟಿ ಬೆಳೆದ ನಾನು ಒಂದು ಸಂಗತಿಯನ್ನು ಮರೆತಿದ್ದೆ. ಇಚಲಕರಂಜಿಯಲ್ಲಿ ಮನೆಗೊಂದರಂತೆ ಮಗ್ಗ ಓಡುತ್ತದೆ, ಗಾಳಿಯಲ್ಲಿ ಹತ್ತಿಯ ಎಳೆ ಹಾರಾಡುತ್ತಲೇ ಇರುತ್ತದೆ. ಅದು ನಮ್ಮ ಚಹಾದಲ್ಲಿರುತ್ತದೆ, ಹುಬ್ಬಿನ ಮೇಲಿರುತ್ತದೆ. ಅಭ್ಯಾಸವಾಗಿ ಕಣ್ಣಿಗೇ ಬೀಳುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಗಿಟಾರಿಗೆ ಗಡ್ಡ ಬಂದಿತ್ತು. ತಿಕ್ಕಿ ತೆಗೆದು, ಗಡಹಿಂಗ್ಲಜಕ್ಕೆ ಒಯ್ದು ಬಣ್ಣ ಹೊಡೆಸಿದೆ. ಅಲ್ಲಿ ಕಾಕಾ ಗರಗಸ ಎಳೆಯುವುದನ್ನು ನಿಲ್ಲಿಸಲಿಲ್ಲ, ಕಟ್ಟಿಗೆಯ ಪುಡಿ ಕೂತಿತು. ಮತ್ತೆ ತಿಕ್ಕಿ, ಕೊಲ್ಹಾಪುರದಲ್ಲಿ ನಾನು ಕೆಲಸ ಮಾಡುವ ಫೌಂಡ್ರಿಯ ಹಿಂದಿನ ಶೆಡ್ಡಿನಲ್ಲಿ ಹೊಡೆಸಿದೆ. ಫೌಂಡ್ರಿಯ ಕರಿ ಧೂಳು ಬಂದು ಕೂತಿತು. ಅಲ್ಲಿಗೆ ಬಿಟ್ಟೆ. ಹತ್ತಿರದಿಂದ ನೋಡಿದರೆ ಇಂದಿಗೂ ನನ್ನ ಗಿಟಾರಿನಲ್ಲಿ ಮೂರೂ ಊರಿನವರ ಕಸುಬು ಕಾಣುತ್ತದೆ. ದೂರದಿಂದ ನೋಡಿದವರು, "ಹಳೇದು ಕಾಣಸ್ತೈತಿ, ಎಲ್ಲೆ ಸಿಕ್ಕಿತು?" ಎನ್ನುತ್ತಾರೆ.

ಕುತ್ತಿಗೆ ಪಾರ್ಸಲ್‌ನಲ್ಲಿ ಬಂತು. ತಂತಿಯ ನಡುಕವನ್ನು ಹಿಡಿದು ಕರೆಂಟಾಗಿಸುವ ಪಿಕಪ್ಪು ಎಂಬ ಪುಟ್ಟ ಡಬ್ಬಿಗಳು ಬಂದವು. ದನಿ ಏರಿಸಿ ಇಳಿಸುವ ತಿರುಗುಗುಂಡಿ, ತಂತಿ, ತಂತಿ ಬಿಗಿಯುವ ಬಿರಟೆ ಎಲ್ಲ ಬಂದವು. ವೈರು ಬೆಸೆಯುವುದನ್ನು ಕಲಿತೆ. ಎಡಗೈ ತೋರುಬೆರಳು ಸುಟ್ಟುಕೊಂಡೆ, ಆಮೇಲೆ ಬಲಗೈಯದನ್ನೂ. ಸೆಪ್ಟೆಂಬರ್ ಕೊನೆಯ ವಾರಕ್ಕೆ ಉಳಿದದ್ದು ಇಷ್ಟೇ: ಒಂದು ವೈರನ್ನು ಬೆಸೆಯುವುದು, ಕುತ್ತಿಗೆಗೆ ನಾಲ್ಕು ಸ್ಕ್ರೂ ಬಿಗಿಯುವುದು, ತಂತಿ ಕಟ್ಟುವುದು. ಒಂದೆರಡು ತಾಸಿನ ಕೆಲಸ. ಫೌಂಡ್ರಿಯಲ್ಲಿ ನನ್ನ ಉದ್ಯೋಗವೇ ವೇಳಾಪಟ್ಟಿ ಹಾಕುವುದು. ಯಾವ ದಿನ ಯಾವ ಅಚ್ಚಿಗೆ ಕಬ್ಬಿಣ ಸುರಿಯಬೇಕು ಎಂದು ಬರೆದು ಫಲಕಕ್ಕೆ ಅಂಟಿಸುವವಳು ನಾನು. ಆ ವಾರದ ಪಟ್ಟಿಯಲ್ಲಿ "ಖಂಡೇನವಮಿ, ಯಂತ್ರಪೂಜೆ, ಯಾವ ಕೆಲಸವೂ ಇಲ್ಲ" ಎಂದು ಬರೆದು ಅಂಟಿಸಿದೆ. ಅದೇ ಪೆನ್ನಿನಿಂದ, ಅದೇ ಮೇಜಿನ ಮೇಲೆ, ನನ್ನ ದಿನಚರಿಯಲ್ಲಿ "ಖಂಡೇನವಮಿ, ಸೂಟಿ, ಇಡೀ ದಿನ ಗಿಟಾರಿನ ಕೆಲಸ" ಎಂದು ಬರೆದುಕೊಂಡೆ. ಈ ಎರಡು ಸಾಲುಗಳ ನಡುವೆ ಏನಾದರೂ ಜಗಳವಿದೆ ಎಂದು ನನಗೆ ಹೊಳೆಯಲಿಲ್ಲ.

ನವಮಿಯ ಬೆಳಿಗ್ಗೆ ಆಯಿ ಕೂಗಿ ಎಬ್ಬಿಸಿದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ, ಮನೆಯ ಹೈಕೋರ್ಟು. ನಮ್ಮ ಮನೆಯ ಮುಂಭಾಗದಲ್ಲೇ ಅಪ್ಪನ ವರ್ಕ್‌ಶಾಪು. ಮಗ್ಗದ ಮುರಿದ ಭಾಗಗಳನ್ನು ಅಪ್ಪ ಅಲ್ಲಿ ರಿಪೇರಿ ಮಾಡುತ್ತಾನೆ. ಕಣ್ಣುಜ್ಜಿಕೊಂಡು ಹೋದರೆ ನೆಲ ತೊಳೆದು ರಂಗೋಲಿ ಹಾಕಿತ್ತು. ಕಬ್ಬಿಣ ಕಡೆಯುವ ಲೇಥಿಗೆ ಚೆಂಡುಹೂವಿನ ಮಾಲೆ. ಅದರ ಮುಂದೆ ಬಿಳಿ ಪಂಚೆ ಹಾಸಿ ಸುತ್ತಿಗೆ, ನಟ್ಟು ತಿರುಗಿಸುವ ಪಾನಾ, ಇಕ್ಕಳ, ಸ್ಕ್ರೂಡ್ರೈವರು, ನಾನು ವೈರು ಬೆಸೆಯುವ ಕಡ್ಡಿ ಎಲ್ಲವನ್ನೂ ಸಾಲಾಗಿ ಕೂಡಿಸಿದ್ದರು. ನಟ್ಟ ನಡುವೆ ನನ್ನ ಗಿಟಾರಿನ ಹಸಿರು ಮೈ, ಪಕ್ಕದಲ್ಲಿ ಕತ್ತಿಯ ಹಾಗೆ ಅದರ ಕುತ್ತಿಗೆ.

"ಬಾ ಇಲ್ಲೆ," ಎಂದಳು ಆಯಿ. "ಲೇಥಿನ ಜೀವ ಮೋಟರದಾಗ ಐತಿ. ಇದರ ಜೀವ ಎಲ್ಲೈತಿ ತೋರಸು."

ನನಗೆ ಎಷ್ಟು ಹಿಗ್ಗಾಯಿತೆಂದರೆ! ಎರಡು ತಿಂಗಳಲ್ಲಿ ಮನೆಯವರು ಗಿಟಾರಿನ ಬಗ್ಗೆ ಕೇಳಿದ ಮೊದಲ ಬುದ್ಧಿವಂತ ಪ್ರಶ್ನೆ ಅದು. ನಾನು ಮೈಯನ್ನು ತಿರುವಿ, ಇನ್ನೂ ಮುಚ್ಚಳ ಹಾಕಿರದ ಕುಳಿಯನ್ನು ತೋರಿಸಿ, ಕರೆಂಟು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ವಿವರಿಸಿದೆ. ಆಯಿ ಗಮನವಿಟ್ಟು ಕೇಳಿದಳು. ಆಮೇಲೆ ನಾನು ಬೆರಳಿಟ್ಟಲ್ಲೆಲ್ಲ ಅರಿಶಿನ, ಕುಂಕುಮ, ಅಕ್ಷತೆ ಹಾಕಿ, ಹೂವಿನಿಂದ ನೀರು ಚಿಮುಕಿಸಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆಸಿ, ಕೈ ಮುಗಿದು ಹೇಳಿದಳು: "ಇನ್ನ ನಾಳಿ ಹೊತ್ತ ಮುಳುಗಿ ಬನ್ನಿ ಕೊಡೂಮಟಾ ಯಾರೂ ಕೈ ಹಚ್ಚಬ್ಯಾಡ್ರಿ."

ಆಗ ಎಚ್ಚರವಾಯಿತು ನನಗೆ.

"ಆಯಿ, ನಾಳಿ ಸಂಜಿಕೆ ಏಳಕ್ಕ ಕೊಲ್ಹಾಪುರದಾಗ ಕಾರ್ಯಕ್ರಮ ಐತಿ. ಒಂದ ವೈರ್, ನಾಕ ಸ್ಕ್ರೂ ಉಳದಾವ. ಸ್ವಲ್ಪ ತಗೋತೀನಿ."

"ಕೂತ ದೇವರನ್ನ ಎಬ್ಬಸ್ತೀ?"

"ಅದು ಗಿಟಾರ್, ಆಯಿ. ವಾದ್ಯ. ದೇವಿ ಹಾಡು ಹಾಡೂ ಗೊಂಧಳದವರು ನವರಾತ್ರ್ಯಾಗ ಸಂಬಾಳ ಬಾರಸಂಗಿಲ್ಲೇನು?"

ಆಯಿ ಯೋಚಿಸಿದಳು. ವಾದ ಗೆದ್ದೆ ಎಂದುಕೊಂಡೆ. "ಖರೆ ಐತಿ," ಎಂದಳು. "ವಾದ್ಯ ಆದ್ರ ತಗೊಂಡ ಹೋಗು. ಬಾರಿಸಿ ತೋರಸು."

"ಹೆಂಗ ಬಾರಸ್ಲಿ? ಜೋಡಸೇ ಇಲ್ಲ!"

"ಬಾರಸಾಕ ಬರಲಿಲ್ಲಂದ್ರ ಅದು ಇನ್ನೂ ಕಟಗಿ. ಕೂಡ್ರಲಿ."

ಅಪ್ಪನ ಕಡೆ ನೋಡಿದೆ. ಇಂಥ ಹೊತ್ತಿನಲ್ಲಿ ಅಪ್ಪ ಯಾವಾಗಲೂ ಕಾಯಿ ಚೂರು ಮಾಡುವುದರಲ್ಲಿ ಮುಳುಗಿರುತ್ತಾನೆ. "ನಮ್ಮವ್ವ ಹೇಳಿದಂಗ," ಎಂದಷ್ಟೇ ಕಾಯಿಗೆ ಹೇಳಿದ.

ಕೊನೆಗೆ ಅವ್ವ ಮಧ್ಯಸ್ಥಿಕೆಗೆ ಬಂದಳು. ಗಿಟಾರನ್ನು ಕೂತಲ್ಲಿಂದ ಎಬ್ಬಿಸದೆ, ಪೂಜೆಗೆ ಕೂತಿರದ ಸ್ಕ್ರೂಡ್ರೈವರ್ ಒಂದನ್ನು ಹೊರಗಿನಿಂದ ತಂದು, ಕೂತಲ್ಲೇ ನಾಲ್ಕು ಸ್ಕ್ರೂವನ್ನಾದರೂ ತಿರುಗಿಸಿಕೊಂಡರೆ ಆಗಬಹುದೇ ಎಂದು ಕೇಳಿದಳು. ಆಯಿ "ನೋಡೂಣು" ಎಂದಳು. ಚಪ್ಪಲಿ ಮೆಟ್ಟಿ ಓಡಿದೆ. ಪಕ್ಕದ ಮನೆಯ ಬಸು ಅಣ್ಣ ಇಲೆಕ್ಟ್ರಿಷಿಯನ್ನು; ಅವನ ಹತ್ತಿರ ಚೀಲ ತುಂಬ ಸ್ಕ್ರೂಡ್ರೈವರುಗಳಿವೆ.

"ಅದಾವ್ರಿ," ಎಂದ ಬಸು ಅಣ್ಣ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಆದ್ರ ಇವತ್ತ ಅವು ಸ್ಕ್ರೂಡ್ರೈವರ್ ಅಲ್ರಿ. ಇವತ್ತ ದೇವರು. ನಾಡದ ಬರ್ರಿ, ಮತ್ತ ಸ್ಕ್ರೂಡ್ರೈವರ್ ಆಗಿರ್ತಾವ."

ಸೈಕಲ್ ಅಂಗಡಿಯವನ ಪಾನಾಗಳಿಗೆ ಮಾಲೆ. ಮೊಬೈಲ್ ರಿಪೇರಿಯವನ ಸೂಜಿಯಷ್ಟು ಸಣ್ಣ ಆಯುಧಗಳ ಮೇಲೆ ಅವುಗಳಿಗಿಂತ ದೊಡ್ಡ ಹೂವು. ದರ್ಜಿಯ ಕತ್ತರಿ, ಕ್ಷೌರಿಕನ ಬಾಚಣಿಗೆ ಸಮೇತ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಮಗ್ಗಗಳೆಲ್ಲ ನಿಂತು ಊರಿಗೆ ಊರೇ ಮೌನವಾಗಿತ್ತು. ವರ್ಷದ ಉಳಿದ ದಿನಗಳಲ್ಲಿ ಕಲ್ಲೆಸೆದರೆ ಮಿಸ್ತ್ರಿಗೆ ತಾಗುವ ಊರು ಇದು. ಇವತ್ತು ನಾಲ್ಕು ಸ್ಕ್ರೂ ತಿರುಗಿಸುವ ಕಬ್ಬಿಣದ ತುಂಡಿಗೆ ನಾನು ಭಿಕ್ಷೆ ಬೇಡುತ್ತಿದ್ದೆ. ನಾಣ್ಯ ಹಾಕಿ ತಿರುಗಿಸೋಣವೆಂದರೆ ಅವು ನಕ್ಷತ್ರದ ತಲೆಯ ಸ್ಕ್ರೂಗಳು. ಅಡುಗೆಮನೆಯ ಚಾಕುವಿನ ತುದಿಯಾದರೂ ಆದೀತೆಂದರೆ, ಅವ್ವ ಅದನ್ನೂ ಇಳಿಗೆಯನ್ನೂ ನಸುಕಿನಲ್ಲೇ ಪೂಜೆಗೆ ಕಳಿಸಿ, ಬೆಂಡೆಕಾಯಿಯನ್ನು ಕೈಯಿಂದ ಮುರಿಯುತ್ತ ಕೂತಿದ್ದಳು.

ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮಾಲೀಕರು ತಕ್ಕಡಿಯ ಪೂಜೆ ಮುಗಿಸಿ ಪೇಢೆ ಹಂಚುತ್ತಿದ್ದರು. ಗೋಗರೆದು, ಪೊಟ್ಟಣದಲ್ಲಿದ್ದ ಹೊಚ್ಚ ಹೊಸ ಸ್ಕ್ರೂಡ್ರೈವರ್ ಕೊಂಡೆ. ಅದು ಯಾರ ಆಯುಧವೂ ಆಗಿರಲಿಲ್ಲ, ಅದಕ್ಕೆ ಇನ್ನೂ ಕುಂಕುಮ ತಾಗಿರಲಿಲ್ಲ. ಗಾಂಧಿ ಟೋಪಿಯ ಆ ಹಿರಿಯರಿಗೆ ನಮಸ್ಕಾರ ಮಾಡಿ, ಗೆದ್ದ ಪೈಲವಾನನ ಹಾಗೆ ಮನೆಗೆ ಬಂದೆ.

"ಆಯಿ, ನೋಡು! ಹೊಸಾದು!"

"ಹೊಸಾದ?" ಆಯಿಯ ಮುಖ ಅರಳಿತು. "ಭಾಳ ಚಲೋ ಆತು ನೋಡು. ಹೊಸಾದ್ದಕ್ಕ ಮೊದಲ ಪೂಜಾ ಆಗಬೇಕು." ಎಂದವಳೇ ನನ್ನ ಕೈಯಿಂದ ತೆಗೆದುಕೊಂಡು, ಪೊಟ್ಟಣ ಹರಿದು, ಅರಿಶಿನ ಕುಂಕುಮ ಹಚ್ಚಿ, ಸಾಲಿನ ಕೊನೆಯಲ್ಲಿ ಕೂಡಿಸಿಬಿಟ್ಟಳು.

ಆ ದಿನದ ದಿನಚರಿಯಲ್ಲಿ ನಾನು ಬರೆದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮರುದಿನ, ದಸರಾ. ಮೂರರಿಂದಲೇ ನಾನು ಮಹಡಿಯ ಮೇಲೆ ನಿಂತು ಸೂರ್ಯನನ್ನು ಕಾಯುತ್ತಿದ್ದೆ. ಅಪ್ಪ ಊರ ಸೀಮೆ ದಾಟಿ ಬನ್ನಿ ತರುವ ಶಾಸ್ತ್ರಕ್ಕೆ ಹೋಗಿದ್ದ. ಪ್ರಾಜಕ್ತಾಳ ಫೋನು ಬಂದಾಗಲೆಲ್ಲ "ಹೊರಡುತ್ತಿದ್ದೇನೆ" ಎನ್ನುತ್ತಿದ್ದೆ. ಅಂತೂ ಸೂರ್ಯ ಮುಳುಗಿದ, ಅಪ್ಪ ಬಂದ, ಆಯಿಯ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆರಗಿದ. "ಬಂಗಾರ ತಗೊಂಡು ಬಂಗಾರದಂಗ ಇರೂಣು," ಎಂದಳು ಆಯಿ. ಆಮೇಲೆ ಎಲ್ಲಕ್ಕಿಂತ ಮೊದಲು ನನ್ನ ಗಿಟಾರನ್ನು ಅವಳೇ ಸ್ವಲ್ಪ ಸರಿಸಿ, "ಹೂಂ, ಓಡು," ಎಂದಳು.

ಅಪ್ಪನ ಕೈಯಲ್ಲಿ ನಾಲ್ಕು ಸ್ಕ್ರೂ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ನಾನು ವೈರು ಬೆಸೆದೆ. ಕಾದ ಬೆಸೆಯುವ ಕಡ್ಡಿಯ ತುದಿಯ ಕುಂಕುಮ ಸುಟ್ಟು ಗುಡಿಯ ವಾಸನೆ ಬಂತು. ಕುಳಿಯನ್ನು ಒರೆಸಲು ಪುರುಸೊತ್ತಿರಲಿಲ್ಲ, ಮುಚ್ಚಳ ಒತ್ತಿ ಓಡಿದೆ. ತಂತಿ ಕಟ್ಟಿದ್ದು ಅಪ್ಪನ ಟೆಂಪೊದಲ್ಲಿ. ರಸ್ತೆಯ ಪ್ರತಿ ಹೊಂಡಕ್ಕೂ ತಂತಿ ಬಿರಟೆಯಿಂದ ಜಿಗಿದು ನನ್ನ ಮೂಗಿಗೆ ಬಡಿಯುತ್ತಿತ್ತು. ಅಪ್ಪ ಮುಂದಿನಿಂದ, "ಇನ್ನ ಎಷ್ಟ ತಂತಿ ಉಳದಾವ?" ಎಂದು ಕೂಗುವುದು, ನಾನು "ಮೂರು" ಎನ್ನುವುದು, ಅಪ್ಪ ಅದಕ್ಕೆ ತಕ್ಕಂತೆ ವೇಗ ಕಡಿಮೆ ಮಾಡುವುದು. "ಅಪ್ಪಾ, ಜೋರಾಗೇ ಹೊಡಿ!" ಎಂದರೆ, "ತಂತಿ ಕಟ್ಟೋದು ಮುಗೀಲಿ ತಾಯಿ, ಮುಗೀದ ಹೋಗಿ ಏನ ಮಾಡ್ತೀ?" ಎನ್ನುತ್ತಿದ್ದ.

ತಲುಪಿದಾಗ ಏಳು ಹೊಡೆದು ಬಹಳ ಹೊತ್ತಾಗಿತ್ತು. ವೇದಿಕೆಯ ಪಕ್ಕದಲ್ಲಿ ವಿಕೀ ಕೊಂಬಿನ ಗಿಟಾರು ಹಾಕಿಕೊಂಡು ನಿಂತಿದ್ದ. ನನ್ನನ್ನು ಉಳಿಸಿದ್ದು ಮಂಡಳದ ಅಧ್ಯಕ್ಷರ ಭಾಷಣ. ಅದು ಮುಗಿಯುವ ಲಕ್ಷಣವಿರಲಿಲ್ಲ. ಆ ಪುಣ್ಯಾತ್ಮರು ನೂರ್ಕಾಲ ಮಾತಾಡುತ್ತಿರಲಿ. ಪ್ರಾಜಕ್ತಾ ನನ್ನ ಬೆವರನ್ನೂ ಗಿಟಾರಿಗೆ ಅಂಟಿದ್ದ ಚೆಂಡುಹೂವಿನ ಎಸಳನ್ನೂ ನೋಡಿ, ವಿಕೀಯ ಕಡೆ ತಿರುಗಿ ಕೆಳಗಿಳಿಯುವಂತೆ ಸನ್ನೆ ಮಾಡಿದಳು.

ಮೊದಲ ಧಾಟಿ ಎತ್ತಿದೆ. ಗಿಟಾರಿನಿಂದ ಬಂದದ್ದು ಗಿಟಾರಿನ ದನಿಯಲ್ಲ. ಗಂಟಲಲ್ಲಿ ಕಫ ಕಟ್ಟಿದ ಹಳೇ ರೇಡಿಯೊ ಹಾಡಿದ ಹಾಗೆ, ಕರಕರ, ಗರಗರ, ನಡುನಡುವೆ ಒಂದು ಗುಟುಕು ನುಂಗಿದಂತೆ ತಡೆದು ಮತ್ತೆ ಬಿಡುವುದು. ಗುಂಡಿ ತಿರುಗಿಸಿದರೆ ಇನ್ನೂ ಹೆಚ್ಚು. ನುಡಿಸುತ್ತಲೇ ಇದ್ದೆ, ನಿಲ್ಲಿಸುವುದು ಹೇಗೆಂದು ಹೊಳೆಯದೆ. ಧಾಟಿ ಮುಗಿಯಿತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಶಿಳ್ಳೆ ಹೊಡೆದು "ನಾದಖುಳಾ!" ಎಂದು ಕೂಗಿದ. ಕೊಲ್ಹಾಪುರದವರಿಗೆ ಹುಚ್ಚು ಹಿಡಿಯುವಷ್ಟು ಖುಷಿಯಾದರೆ ಕೂಗುವ ಮಾತು ಅದು. ಮುಂದಿನ ಸಾಲಿನ ಅಜ್ಜನೊಬ್ಬ ಕಣ್ಣೊರೆಸಿಕೊಂಡು, ತನ್ನ ಮದುವೆಯ ಮನೆಯಲ್ಲಿ ಹಚ್ಚಿದ್ದ ಲೌಡ್‌ಸ್ಪೀಕರು ಹೀಗೇ ಇತ್ತು ಎಂದನಂತೆ. ಕಾರ್ಯಕ್ರಮ ಮುಗಿದ ಮೇಲೆ ಪ್ರಾಜಕ್ತಾ ನನ್ನ ಬೆನ್ನು ಗುದ್ದಿ, ಇಂಥ ಹಳೇ ದನಿ ಎಲ್ಲಿಂದ ಹುಡುಕಿ ತಂದೆ, ಇದೇ ಇನ್ನು ನಮ್ಮ ಬ್ಯಾಂಡಿನ ದನಿ ಎಂದಳು. ವಿಕೀ ಆಗಲೇ ಮನೆಗೆ ಹೋಗಿದ್ದ.

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಸುಖಿ, ನೀವೂ ಸುಖಿ. ಆದರೆ ನಾನು ವ್ಯವಸ್ಥಿತ ಸ್ವಭಾವದವಳಲ್ಲವೇ? ಮರುದಿನವೇ ಮುಚ್ಚಳ ಬಿಚ್ಚಿದೆ. ತಿರುಗುಗುಂಡಿಯ ಹೊಟ್ಟೆಯೊಳಗೆ ಕುಂಕುಮ ಅರಿಶಿನದ ಕೆಸರು, ವೈರಿನ ಸಂದಿಯಲ್ಲಿ ಅಕ್ಷತೆ. ದೋಷ ಸಿಕ್ಕಿತೆಂಬ ಸಂತೋಷದಲ್ಲಿ ಎಲ್ಲವನ್ನೂ ಬ್ರಷ್ಷಿನಿಂದ ಕೆರೆದು, ತೊಳೆಯುವ ದ್ರವ ಸಿಂಪಡಿಸಿ, ಫಳಫಳ ಮಾಡಿಟ್ಟೆ. ಮುಂದಿನ ತಾಲೀಮಿನಲ್ಲಿ ಗಿಟಾರು ತೊಳೆದಿಟ್ಟ ಸ್ಟೀಲ್ ಪಾತ್ರೆಯ ಹಾಗೆ ನುಡಿಯಿತು. ಪ್ರಾಜಕ್ತಾ ಹಾಡು ನಿಲ್ಲಿಸಿದಳು. "ತೋ ಆವಾಜ್ ಕುಠೇ ಗೇಲಾ?" ಆ ದನಿ ಎಲ್ಲಿ ಹೋಯಿತು? ದೀಪಾವಳಿ ಪಾಡ್ಯದ ನಸುಕಿನ ಕಾರ್ಯಕ್ರಮಕ್ಕೆ ನಮ್ಮನ್ನು ಕರೆದಿರುವುದೇ ಆ ದನಿಗಾಗಿ. ಅದು ಬರದಿದ್ದರೆ, ವಿಕೀ ದನಿಯನ್ನು ಹಾಗೆ ಕೆಡಿಸುವ ಯಂತ್ರವೊಂದನ್ನು ಕೊಂಡಿದ್ದಾನಂತೆ.

ಅಂದಿನಿಂದ ನನ್ನ ಸಂಜೆಗಳು ಹೀಗೆ ಕಳೆಯುತ್ತಿವೆ. ಕುಂಕುಮ ಒಂದೇ ಹಾಕಿ ನೋಡಿದೆ: ದನಿ ಪೂರ್ತಿ ಬಂದ್. ಅರಿಶಿನ ಒಂದೇ: ಬರೀ ಕರಕರ, ಗರಗರ ಇಲ್ಲ. ಎರಡೂ ಸಮಸಮ, ನೀರಿಲ್ಲದೆ: ಏನೂ ವ್ಯತ್ಯಾಸವಿಲ್ಲ. ನೀರು ಹಾಕಿ: ಸ್ಪೀಕರಿನಿಂದ ಬೆಕ್ಕು ಜಗಳವಾಡಿದಂತೆ ಸದ್ದು ಬಂದು ಅವ್ವ ಮೇನ್ ಸ್ವಿಚ್ ಆರಿಸಿದಳು. ಸೋತು ಆಯಿಯ ಬಳಿಗೆ ಹೋಗಿ, ಇನ್ನೊಮ್ಮೆ ಪೂಜೆ ಮಾಡಿಕೊಡು ಎಂದು ಬೇಡಿದೆ.

"ಖಂಡೇಪೂಜಾ ವರ್ಷಕ್ಕ ಒಮ್ಮೆ," ಎಂದಳು ಆಯಿ. "ಎಬ್ಬಸಾಕ ಭಾಳ ಅವಸರಾ ಮಾಡಿದ್ದಿ. ಈಗ ಕೂಡ್ರಸಾಕ ಬಂದೀಯೇನು?"

"ಹೋಗಲಿ, ಎಷ್ಟ ಹಾಕಿದ್ದಿ ಅದನ್ನರ ಹೇಳು. ಒಂದ ಚಿಟಿಕಿ? ಎರಡ? ಅರಿಷಿಣ ಮೊದಲೋ ಕುಂಕುಮ ಮೊದಲೋ?"

"ಕಣ್ಣ ಮುಚ್ಚಿ, ದೇವರ ನೆನಸಿ ಹಾಕೀನಿ. ಎಣಿಸಿ ಹಾಕಾಕ ಅದೇನ ಹಪ್ಪಳದ ಹಿಟ್ಟ?"

ಪಾಡ್ಯ ಹತ್ತಿರ ಬರುತ್ತಿದೆ. ವಿದ್ಯುತ್ ಗಿಟಾರಿನ ತಿರುಗುಗುಂಡಿಗೆ ಕುಂಕುಮ, ಅರಿಶಿನ, ಅಕ್ಷತೆ, ನೀರು ಯಾವ ಪ್ರಮಾಣದಲ್ಲಿ, ಯಾವ ಕ್ರಮದಲ್ಲಿ ಬೀಳಬೇಕು ಎಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬೇಗ ಬರೆಯಿರಿ. ಸಂಪಾದಕರು ನನಗೆ ತಲುಪಿಸುತ್ತಾರೆ. ಒಂದೇ ವಿನಂತಿ: ಕಣ್ಣು ಮುಚ್ಚಿ ಹಾಕಿ ನೋಡು ಎಂದು ಮಾತ್ರ ಬರೆಯಬೇಡಿ. ಅದನ್ನೂ ಮಾಡಿದ್ದೇನೆ. ಕಣ್ಣು ಮುಚ್ಚಿಕೊಂಡೂ ಒಳಗೊಳಗೇ ಎಣಿಸುತ್ತಿದ್ದೆ.